ಜಲಾನಯನದ ಗೆರೆ ಸರಿಸುವುದು: ನಕ್ಷೆಯ ಕೆಲಸ ಬೇರೆ, ಬಿಲ್ಡರ್ ಕೆಲಸ ಬೇರೆ

ಪ್ರಶ್ನೆ: ನಾವು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿದ್ದೇವೆ. ನಾನು ನಮ್ಮ ಕೌಂಟಿಯ ಪ್ಲಾನಿಂಗ್ ಬೋರ್ಡ್‌ನಲ್ಲಿ ಸಂಬಳವಿಲ್ಲದ ಸದಸ್ಯೆ. ಕುಡಿಯುವ ನೀರಿನ ಕೆರೆಯ ಸುತ್ತ ಇರುವ ಸಂರಕ್ಷಿತ ಜಲಾನಯನದ ಗೆರೆ ತಪ್ಪಾಗಿದೆ, ಹೊಸ ಲೇಸರ್ ಸರ್ವೆ ಪ್ರಕಾರ ಸರಿಪಡಿಸಬೇಕು ಅಂತ ಸಿಬ್ಬಂದಿ ಹೇಳುತ್ತಿದ್ದಾರೆ. ಸುಮಾರು 200 ಸೈಟುಗಳು ಹೊಸದಾಗಿ ಒಳಗೆ ಬರುತ್ತವೆ, ಒಂದಷ್ಟು ಹೊರಗೆ ಹೋಗುತ್ತವೆ. ಹೊರಗೆ ಹೋಗುವುದರಲ್ಲಿ ಬಿಲ್ಡರ್ ಒಬ್ಬರ ದೊಡ್ಡ ಖಾಲಿ ಜಾಗವೂ ಇದೆ. ಜನರಿಗೆ ತಿಳಿಸುವ ಕೆಲಸ ನನ್ನ ತಲೆಗೆ ಬಂದಿದೆ. ಈ ಗೆರೆ ಬದಲಿಸುವ ಅಧಿಕಾರ ಕೌಂಟಿಗೆ ಇದೆಯಾ? ಜನರಿಗೆ ಹೇಗೆ ಹೇಳಲಿ? ನಮ್ಮ ಮನೆಯೂ ಹೊಸ ಗೆರೆಯ ಒಳಗೆ ಬರುತ್ತದೆ. ನಾನು ಮತ ಹಾಕಬಹುದಾ?

ಉತ್ತರ: ಬಿಲ್ಡರ್ ಜಾಗದ ಮಾತನ್ನು ನೀವೇ ಎತ್ತಿದ್ದು ಒಳ್ಳೆಯದಾಯಿತು. ನೀವು ಎತ್ತದಿದ್ದರೆ ಹಿಯರಿಂಗ್ (ಮತಕ್ಕೆ ಮುಂಚೆ ಜನರ ಮಾತು ಕೇಳುವ ಸಭೆ) ದಿನ ಬೇರೆ ಯಾರಾದರೂ ಎತ್ತುತ್ತಾರೆ, ಅದೂ ಜೋರು ದನಿಯಲ್ಲಿ. ನಕ್ಷೆ ಸರಿಮಾಡುವುದು ಒಂದು ಕೆಲಸ. ಒಬ್ಬರ ಜಾಗಕ್ಕೆ ನಿಯಮ ಸಡಿಲವಾಗುವುದು ಇನ್ನೊಂದು. ಎರಡನ್ನೂ ಒಂದೇ ಸಭೆಗೆ ತಂದರೆ ಮೊದಲನೆಯದನ್ನು ಯಾರೂ ನಂಬುವುದಿಲ್ಲ, ಸರ್ವೆ ಎಷ್ಟೇ ಕರಾರುವಾಕ್ಕಾಗಿರಲಿ.

ಮೊದಲು ಈ ಗೆರೆ ಯಾರದು ಅಂತ ನೋಡೋಣ. ನಾರ್ತ್ ಕ್ಯಾರೊಲೈನಾ 1989ರಲ್ಲಿ ಕುಡಿಯುವ ನೀರಿನ ಜಲಾನಯನಗಳನ್ನು ಕಾಯುವ ಕಾನೂನು ಮಾಡಿತು. ಅದರ ಪ್ರಕಾರ ರಾಜ್ಯದ ಎನ್ವಿರಾನ್‌ಮೆಂಟಲ್ ಮ್ಯಾನೇಜ್‌ಮೆಂಟ್ ಕಮಿಷನ್ ಪ್ರತಿ ಜಲಾನಯನಕ್ಕೂ ಒಂದು ದರ್ಜೆ ಕೊಡುತ್ತದೆ. ಡಬ್ಲ್ಯೂಎಸ್-1ರಿಂದ ಡಬ್ಲ್ಯೂಎಸ್-5ರವರೆಗೆ ಐದು ದರ್ಜೆ. ಡಬ್ಲ್ಯೂಎಸ್ ಅಂದರೆ ವಾಟರ್ ಸಪ್ಲೈ. ಒಂದನೆಯದು ಹೆಚ್ಚುಕಡಿಮೆ ಕಟ್ಟಡಗಳೇ ಇಲ್ಲದ ಪ್ರದೇಶ. ನಾಲ್ಕನೆಯದರಲ್ಲಿ ಆಗಲೇ ಊರು ಬೆಳೆದಿರುತ್ತದೆ. ಕನಿಷ್ಠ ನಿಯಮ ಏನಿರಬೇಕು ಅನ್ನುವುದು ರಾಜ್ಯದ ಮಾತು. ಅದನ್ನು ತಮ್ಮ ಝೋನಿಂಗ್ ನಕ್ಷೆಯ (ಎಲ್ಲಿ ಏನು ಕಟ್ಟಬಹುದು ಅನ್ನುವ ನಕ್ಷೆ) ಮೇಲೆ ಓವರ್‌ಲೇ ಮಾಡಿ, ಅಂದರೆ ಇನ್ನೊಂದು ಪದರವಾಗಿ ಹೊದಿಸಿ, ಜಾರಿಗೆ ತರುವುದು ಕೌಂಟಿ ಮತ್ತು ಪಟ್ಟಣಗಳ ಕೆಲಸ. ರಾಜ್ಯಕ್ಕಿಂತ ಬಿಗಿ ಮಾಡಬಹುದು, ಸಡಿಲ ಮಾಡುವ ಹಾಗಿಲ್ಲ.

ಹಾಗಾಗಿ "ಗೆರೆ ಬದಲಾವಣೆ" ಅಂದರೆ ಮೂರು ಬೇರೆ ಬೇರೆ ವಿಷಯ ಇರಬಹುದು. ನೆಲದ ಏರಿಳಿತ ಈಗ ಚೆನ್ನಾಗಿ ಗೊತ್ತಾಗಿದೆ, ನಿಯಮ ಅದೇ, ನಕ್ಷೆ ಮಾತ್ರ ತಿದ್ದುತ್ತೇವೆ ಅನ್ನುವುದು ಒಂದು. ಕೌಂಟಿ ತಾನಾಗಿ ರಾಜ್ಯಕ್ಕಿಂತ ದೂರ ಹಾಕಿಕೊಂಡಿದ್ದ ಗೆರೆಯನ್ನು ಹತ್ತಿರಕ್ಕೋ ಇನ್ನೂ ದೂರಕ್ಕೋ ಸರಿಸುವುದು ಇನ್ನೊಂದು. ದರ್ಜೆಯನ್ನೇ ಬದಲಿಸುವುದು ಮೂರನೆಯದು, ಅದು ರಾಜ್ಯ ಕಮಿಷನ್ನಿನ ಕೈಯಲ್ಲಿದೆ, ನಿಮ್ಮ ಬೋರ್ಡ್ ಅರ್ಜಿ ಹಾಕಬಹುದು ಅಷ್ಟೇ. ನಿಮ್ಮ ಸಿಬ್ಬಂದಿ ಹೇಳುತ್ತಿರುವುದು ಮೊದಲನೆಯದು ಅನ್ನಿಸುತ್ತದೆ. ಆದರೂ ಒಂದು ಪುಟದಲ್ಲಿ ಬರೆದುಕೊಡಿ ಅಂತ ಕೇಳಿ: ಯಾವ ಅಂತರ, ಯಾವ ಎತ್ತರ, ಯಾವ ನಿಯಮದ ಯಾವ ಸಾಲು. ತಿದ್ದಿದ ಗೆರೆಯನ್ನು ರಾಜ್ಯದ ಪರಿಸರ ಇಲಾಖೆಗೆ ಕಳಿಸಿ ಒಪ್ಪಿಗೆ ಪಡೆಯುವ ವೇಳಾಪಟ್ಟಿಯನ್ನೂ ಅದರಲ್ಲೇ ಸೇರಿಸಲಿ. ಆ ಪುಟ ಕೈಗೆ ಬರುವ ತನಕ ಜನರ ಮುಂದೆ ಹೋಗಬೇಡಿ.

ಗೆರೆ ತಪ್ಪಾಗಲು ಕಾರಣ ಸರಳ. ರಾಜ್ಯದ ನಿಯಮದಲ್ಲಿ ಕ್ರಿಟಿಕಲ್ ಏರಿಯಾ ಅಂದರೆ ಕೆರೆ ಸಾಮಾನ್ಯವಾಗಿ ತುಂಬಿ ನಿಲ್ಲುವ ಮಟ್ಟದ ಅಂಚಿನಿಂದ ಅರ್ಧ ಮೈಲಿ, ಇಲ್ಲವೇ ಅದಕ್ಕೂ ಮೊದಲು ದಿಬ್ಬದ ನೆತ್ತಿ ಸಿಕ್ಕರೆ ಅಲ್ಲಿಯವರೆಗೆ. ಡಬ್ಲ್ಯೂಎಸ್-4ರಲ್ಲಿ ಅದರಾಚೆ ಪ್ರೊಟೆಕ್ಟೆಡ್ ಏರಿಯಾ ಅಂತ ಇದೆ: ಕೆರೆಗೆ ಹರಿದುಬರುವ 5 ಮೈಲಿ ಒಳಗಿನ ಜಾಗ, ನದಿಯಿಂದ ನೇರ ನೀರೆತ್ತುವ ಕಡೆ ಮೇಲ್ಗಡೆಗೆ 10 ಮೈಲಿ. ಹಳೆಯ ಗೆರೆಗಳನ್ನು 1:24,000 ಅಳತೆಯ ಕಾಗದದ ನಕ್ಷೆ ಇಟ್ಟುಕೊಂಡು ಎಳೆದರು. ಆ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆ ನೆಲದ ಮೇಲೆ 12 ಮೀಟರ್, ಅಂದರೆ ಸುಮಾರು 40 ಅಡಿ. ಗೆರೆಯ ದಪ್ಪದಲ್ಲೇ ಒಂದು ಡ್ರೈವ್‌ವೇ, ಅರ್ಧ ಮನೆ ಮುಚ್ಚಿಹೋಗುತ್ತದೆ. ನಡುವೆ ಬಡಾವಣೆ ಮಾಡುವಾಗ ದಿಬ್ಬ ಕಡಿದು ತಗ್ಗು ತುಂಬಿಸಿದ್ದರೆ ನೆತ್ತಿಯೇ ಜಾಗ ಬದಲಿಸಿರುತ್ತದೆ. 1999ರ ಫ್ಲಾಯ್ಡ್ ಚಂಡಮಾರುತದ ಪ್ರವಾಹದ ನಂತರ ಈ ರಾಜ್ಯ ವಿಮಾನದಿಂದ ಲೇಸರ್ ಹಾಯಿಸಿ ಇಡೀ ನೆಲದ ಎತ್ತರ ಅಳೆಸಿತು. ಲೈಡಾರ್ ಅನ್ನುವುದು ಅದಕ್ಕೇ. ಆಮೇಲೆ ಇನ್ನೂ ಸೂಕ್ಷ್ಮವಾಗಿ ಮತ್ತೆ ಅಳೆದರು. ಎರಡು ನಕ್ಷೆ ಒಂದರ ಮೇಲೊಂದು ಇಟ್ಟರೆ ಗೆರೆ ಅಲ್ಲಲ್ಲಿ ಜರುಗುವುದು ಸಹಜ.

ಆದರೆ ಲೈಡಾರ್ ನೆಲ ನೋಡುತ್ತದೆ, ನೆಲದಡಿಯ ಪೈಪು ನೋಡುವುದಿಲ್ಲ. ಇದನ್ನು ಸಿಬ್ಬಂದಿ ಸುಮಾರು ಸಲ ಮರೆಯುತ್ತಾರೆ. ಒಂದು ಬೀದಿ ಕೆರೆಯ ಕಡೆಗೇ ಇಳಿಜಾರು ಇರಬಹುದು. ಕೊನೆಯ ತಿರುವಿನಲ್ಲಿ ಮಳೆನೀರಿನ ಕಿಂಡಿ ಇರುತ್ತದೆ, ಒಳಗಿನ ಪೈಪು ಹಿಂದಕ್ಕೆ ತಿರುಗಿ ಬೇರೆ ಹಳ್ಳಕ್ಕೆ ಬಿಡುತ್ತದೆ. ಆ ಬೀದಿಯ ಹನ್ನೆರಡು ಮನೆ ಒಳಗೋ ಹೊರಗೋ? ಇದಕ್ಕೆ ಉತ್ತರ ಜನ ಕೇಳಿದ ಮೇಲೆ ಹುಡುಕಬಾರದು. ನೆಲದ ಮೇಲ್ಮೈ ನೋಡುತ್ತೀರೋ, ಪೈಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರೋ, ರಾಜ್ಯದವರ ಹತ್ತಿರ ಮಾತಾಡಿ ಮೊದಲೇ ತೀರ್ಮಾನಿಸಿ. ತೀರ್ಮಾನಿಸಿದ್ದನ್ನು ಇಡೀ ಜಲಾನಯನಕ್ಕೆ ಒಂದೇ ರೀತಿ ಹಚ್ಚಿ. ಗೆರೆಯ ಅಂಚಿನ ಬೀದಿಗಳಲ್ಲಿ ಒಂದು ಮಳೆಯ ದಿನ ಎಂಜಿನಿಯರ್ ಜೊತೆ ನೀವೂ ಓಡಾಡಿ ಬನ್ನಿ. ಯಾವ ಕಿಂಡಿಗೆ ಎಲ್ಲಿಂದ ನೀರು ಬರುತ್ತಿದೆ ಅಂತ ಕಣ್ಣಾರೆ ನೋಡಿದವರ ಮಾತಿಗೆ ಸಭೆಯಲ್ಲಿ ಬೇರೆಯೇ ತೂಕ.

ನಿಮ್ಮ ರಾಜ್ಯದಲ್ಲೇ ಇದು ಎಡವಟ್ಟಾದ ಉದಾಹರಣೆ ಇದೆ. ಡರ್ಹಮ್ ಕೌಂಟಿಯ ದಕ್ಷಿಣ ಭಾಗದಲ್ಲಿ, ಜೋರ್ಡನ್ ಲೇಕ್ ಹತ್ತಿರ, 751 ಸೌತ್ ಎನ್ನುವ ಯೋಜನೆ. ಸುಮಾರು 165 ಎಕರೆ, 1,300 ಮನೆಗಳವರೆಗೆ. ಜೋರ್ಡನ್ ಲೇಕ್‌ನ ಸಾಮಾನ್ಯ ನೀರಿನ ಮಟ್ಟ ಸಮುದ್ರಮಟ್ಟದಿಂದ 216 ಅಡಿ. ಡರ್ಹಮ್‌ನಲ್ಲಿ ಕ್ರಿಟಿಕಲ್ ಏರಿಯಾ ರಾಜ್ಯದ ಅರ್ಧ ಮೈಲಿ ಅಲ್ಲ, ಒಂದು ಮೈಲಿ. ಕೆರೆಯ ಆ ತುದಿಯಲ್ಲಿ ನೆಲ ಚಪ್ಪಟೆ. ಚಪ್ಪಟೆ ನೆಲದಲ್ಲಿ ಎತ್ತರ ಒಂದಡಿ ಆಚೀಚೆ ಆದರೂ ಕೆರೆಯ ಅಂಚು ಬಹಳ ದೂರ ಸರಿಯುತ್ತದೆ, ಅದರ ಹಿಂದೆ ಮೈಲಿ ಗೆರೆಯೂ ಸರಿಯುತ್ತದೆ. ಜಾಗದವರು ಖಾಸಗಿ ಸರ್ವೆ ಮಾಡಿಸಿದರು. 2006ರಲ್ಲಿ ಯೋಜನಾ ಇಲಾಖೆ ಅದನ್ನು ಕಚೇರಿ ಮಟ್ಟದಲ್ಲೇ ಒಪ್ಪಿಕೊಂಡು ಗೆರೆ ಬದಲಿಸಿತು, ಹಿಯರಿಂಗ್ ಇಲ್ಲದೆ. ವಿಷಯ ಹೊರಬಿದ್ದ ಮೇಲೆ ಶುರುವಾಯಿತು ನೋಡಿ. 2009ರಲ್ಲಿ ಕೌಂಟಿ ಕಮಿಷನರ್‌ಗಳು (ಕೌಂಟಿ ನಡೆಸುವ ಚುನಾಯಿತರು) ಗೆರೆ ವಿಷಯವನ್ನು ಹಿಯರಿಂಗ್ ಇಟ್ಟು ಮತಕ್ಕೆ ಹಾಕಬೇಕಾಯಿತು, 3–2ರಲ್ಲಿ ಪಾಸಾಯಿತು. 2010ರಲ್ಲಿ ಜಾಗದ ರಿಝೋನಿಂಗ್ (ಅಲ್ಲಿ ಏನು ಕಟ್ಟಬಹುದು ಅನ್ನುವುದರ ಬದಲಾವಣೆ) ಕೂಡ ಪಾಸಾಯಿತು. ನಡುವೆ ಕೋರ್ಟು, ಅಕ್ಕಪಕ್ಕದವರ ವಿರೋಧದ ಅರ್ಜಿ, ನೀರು ಮತ್ತು ಒಳಚರಂಡಿ ಕೊಡಲು ನಗರದ ತಕರಾರು. ಕೊನೆಗೆ 2013ರಲ್ಲಿ ರಾಜ್ಯದ ಶಾಸನಸಭೆಯೇ ನಡುವೆ ಬಂದು ಕಾನೂನು ಮಾಡಿತು.

ಆ ಸರ್ವೆ ಸರಿಯೋ ತಪ್ಪೋ ಎನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಸರಿಯೇ ಇದ್ದರೂ ಹೀಗೇ ಆಗುತ್ತಿತ್ತು. ಇಡೀ ಕೆರೆ ಸುತ್ತ ಅಳೆಯದೆ ಒಂದು ಜಾಗದ ಮುಂದೆ ಮಾತ್ರ ಅಳೆದರೆ, ಲಾಭ ಆಗುವವರೇ ಅಳೆಸಿದರೆ, ಬಾಗಿಲು ಮುಚ್ಚಿಕೊಂಡು ಒಪ್ಪಿದರೆ, ಜನ ಇನ್ನೇನು ಅಂದುಕೊಳ್ಳಬೇಕು? ನಿಮ್ಮ ಕೌಂಟಿ ಈ ಮೂರನ್ನೂ ತಪ್ಪಿಸಬಹುದು. ತಿದ್ದುಪಡಿ ಇಡೀ ಗೆರೆಗೆ ಇರಲಿ. ಸರ್ವೆಯ ಖರ್ಚು ಕೌಂಟಿಯದಾಗಿರಲಿ. ಬಿಲ್ಡರ್ ಅರ್ಜಿ ಹಾಕಬೇಡಿ ಅಂತ ತಡೆಯಲು ಆಗುವುದಿಲ್ಲ, ಅದು ಅವರ ಹಕ್ಕು. ಆದರೆ ಆ ಅರ್ಜಿ ಗೆರೆಯ ವಿಷಯ ಮುಗಿದ ಮೇಲೆ ಬೇರೆ ಅಜೆಂಡಾದಲ್ಲಿ, ಬೇರೆ ತಿಂಗಳಲ್ಲಿ ಬರುವ ಹಾಗೆ ದಿನ ಗೊತ್ತುಮಾಡಬಹುದು. ಹೊರಗೆ ಹೋಗುವ ದೊಡ್ಡ ಜಾಗಗಳ ಪಟ್ಟಿಯನ್ನು ನೀವೇ ಮೊದಲ ದಿನ ಪ್ರಕಟಿಸಿ, ಎಕರೆ ಸಮೇತ. ಮುಚ್ಚಿಟ್ಟದ್ದನ್ನು ಯಾರೋ ಕಂಡುಹಿಡಿದರು ಅನ್ನುವ ಸುದ್ದಿಗೆ ಆಸ್ಪದವೇ ಇರಬಾರದು.

ಈಗ ಒಳಗೆ ಬರುವ 200 ಸೈಟುಗಳ ವಿಷಯ. ಜನರ ಮೊದಲ ಪ್ರಶ್ನೆ ನೀರಿನ ಬಗ್ಗೆ ಇರುವುದಿಲ್ಲ. "ನನ್ನ ಮನೆಗೆ ಏನಾಗುತ್ತೆ?" ಅಷ್ಟೇ. ಉತ್ತರ ಬಹುಪಾಲು ಜನರಿಗೆ ಸಮಾಧಾನದ್ದೇ. ರಾಜ್ಯದ ನಿಯಮದಲ್ಲಿ ಈಗಾಗಲೇ ಕಟ್ಟಿರುವ ಕಟ್ಟಡಕ್ಕೆ ಹೊಸ ಮಿತಿ ಹಚ್ಚುವುದಿಲ್ಲ. ಇರುವ, ಒಂದೇ ಕುಟುಂಬ ವಾಸಿಸುವ ಮನೆಯನ್ನು ವಿಸ್ತರಿಸುವುದಕ್ಕೂ ವಿನಾಯಿತಿ ಇದೆ. ಆದರೆ ನಿಮ್ಮ ಕೌಂಟಿಯ ಸ್ವಂತ ನಿಯಮ ಇದಕ್ಕಿಂತ ಬಿಗಿ ಇರಬಹುದು, ಅದನ್ನು ನೋಡಿಕೊಂಡೇ ಹೇಳಿ. ನಿಜವಾಗಿ ಬಿಸಿ ತಟ್ಟುವುದು ಖಾಲಿ ಜಾಗ ಇಟ್ಟುಕೊಂಡು ಮುಂದೆ ಭಾಗ ಮಾಡಿ ಮಾರೋಣ ಅಂದುಕೊಂಡವರಿಗೆ, ಅಂಗಡಿ ಕಟ್ಟಲು ಹೊರಟವರಿಗೆ. ಡಬ್ಲ್ಯೂಎಸ್-4ರ ಕ್ರಿಟಿಕಲ್ ಏರಿಯಾದಲ್ಲಿ ಸಾಮಾನ್ಯ ಮಿತಿ ಅರ್ಧ ಎಕರೆಗೆ ಒಂದು ಮನೆ, ಇಲ್ಲವೇ ಒಟ್ಟು ಜಾಗದ ಶೇ 24ರಷ್ಟು ಮಾತ್ರ ನೀರು ಇಂಗದ ಹೊದಿಕೆ. ಮಳೆನೀರು ಹಿಡಿದಿಟ್ಟು ಶುದ್ಧ ಮಾಡುವ ವ್ಯವಸ್ಥೆ ಕಟ್ಟಿದರೆ ಶೇ 50ರವರೆಗೆ ಹೋಗಬಹುದು. ಡಬ್ಲ್ಯೂಎಸ್-2ರ ಕ್ರಿಟಿಕಲ್ ಏರಿಯಾದಲ್ಲಾದರೆ ಸಾಮಾನ್ಯ ಮಿತಿ ಎರಡು ಎಕರೆಗೆ ಒಂದು ಮನೆ, ಇಲ್ಲವೇ ಶೇ 6. ವ್ಯತ್ಯಾಸ ದೊಡ್ಡದು, ಹಾಗಾಗಿ ನಿಮ್ಮದು ಯಾವ ದರ್ಜೆ ಅನ್ನುವುದು ಪತ್ರದ ಮೊದಲ ಸಾಲಿನಲ್ಲೇ ಇರಬೇಕು.

ಶೇಕಡಾ ಲೆಕ್ಕ ಯಾರಿಗೂ ತಲೆಗೆ ಹೋಗುವುದಿಲ್ಲ, ಅಡಿಯಲ್ಲಿ ಹೇಳಿ. ಅರ್ಧ ಎಕರೆ ಅಂದರೆ 21,780 ಚದರಡಿ. ಅದರ ಶೇ 24 ಸುಮಾರು 5,200 ಚದರಡಿ. ಚಾವಣಿ, ಡ್ರೈವ್‌ವೇ, ಕಾಂಕ್ರೀಟ್ ಪ್ಯಾಟಿಯೋ, ಶೆಡ್ ಎಲ್ಲ ಸೇರಿ ಇಷ್ಟು. ಹಲಗೆ ನಡುವೆ ಸಂದಿ ಇರುವ ಮರದ ಡೆಕ್ ಇದರಲ್ಲಿ ಸೇರುವುದಿಲ್ಲ, ಕಾನೂನಿನಲ್ಲೇ ಹಾಗಿದೆ. ಈಜುಕೊಳದ ನೀರಿನ ಭಾಗವೂ ಸೇರುವುದಿಲ್ಲ. ಇಂಥ ಎರಡು ಸಾಲು ಪತ್ರದಲ್ಲಿದ್ದರೆ ನಿಮಗೆ ಬರುವ ಅರ್ಧ ಫೋನ್ ಕರೆ ಕಡಿಮೆಯಾಗುತ್ತವೆ. ಡೆಕ್ ಬಗ್ಗೆ ಜನ ಎಷ್ಟು ತಲೆಕೆಡಿಸಿಕೊಳ್ಳುತ್ತಾರೆ ಅಂತ ನಿಮಗೇ ಗೊತ್ತಾಗುತ್ತದೆ!

ಬೇರೆಯವರು ನಿಮಗೆ ಹೇಳದೆ ಇರಬಹುದಾದ ಒಂದು ಕಾನೂನಿನ ಗಂಟು ಇಲ್ಲಿದೆ. 2024ರ ಡಿಸೆಂಬರ್‌ನಲ್ಲಿ ಈ ರಾಜ್ಯದಲ್ಲಿ ಡೌನ್‌ಝೋನಿಂಗ್ ವಿಷಯದ ಕಾನೂನು ಬಿಗಿಯಾಯಿತು. ಡೌನ್‌ಝೋನಿಂಗ್ ಅನ್ನು, ಅಂದರೆ ಕಟ್ಟಬಹುದಾದ ಸಾಂದ್ರತೆ ಕಡಿಮೆ ಮಾಡುವ ಅಥವಾ ಬಳಕೆಗೆ ಕತ್ತರಿ ಹಾಕುವ ಬದಲಾವಣೆಯನ್ನು ಕೌಂಟಿ ತಾನಾಗಿ ಶುರುಮಾಡುವಂತಿಲ್ಲ. ಅದಕ್ಕೆ ಒಳಪಡುವ ಎಲ್ಲ ಮಾಲೀಕರ ಲಿಖಿತ ಒಪ್ಪಿಗೆ ಬೇಕು. 200 ಸೈಟುಗಳು ಹೊಸ ಓವರ್‌ಲೇ ಒಳಗೆ ಬಂದರೆ ಅದು ಡೌನ್‌ಝೋನಿಂಗ್ ಆಗುತ್ತದಾ, ರಾಜ್ಯವೇ ಹೇರಿದ ಕನಿಷ್ಠ ನಿಯಮ ಅನ್ನುವ ಕಾರಣಕ್ಕೆ ಆಗುವುದಿಲ್ಲವಾ? ಇದನ್ನು ಕೌಂಟಿ ವಕೀಲರು ಬರವಣಿಗೆಯಲ್ಲಿ ಹೇಳಬೇಕು, ಇವತ್ತಿನ ಕಾನೂನು ನೋಡಿ. ಬಾಯಿಮಾತು ಬೇಡ. ಅವರ ಉತ್ತರ "ಆಗುತ್ತದೆ" ಅಂತಾದರೆ ನಿಮ್ಮ ಜನಸಂಪರ್ಕದ ಸ್ವರೂಪವೇ ಬದಲಾಗುತ್ತದೆ. ಆಗ ನೀವು ಸುದ್ದಿ ಮುಟ್ಟಿಸಲು ಹೋಗುತ್ತಿಲ್ಲ, ಸಹಿ ಕೇಳಲು ಹೋಗುತ್ತಿದ್ದೀರಿ. ಇನ್ನೊಂದು ವಿಷಯ: ಗೆರೆ ಬದಲಾಗುವ ಮುಂಚೆಯೇ ಪರ್ಮಿಟ್‌ಗೆ ಅರ್ಜಿ ಹಾಕಿದವರು ಹಳೆ ನಿಯಮವೋ ಹೊಸದೋ ಅಂತ ಆರಿಸಿಕೊಳ್ಳಬಹುದು. ಖಾಲಿ ಸೈಟಿನವರಿಗೆ ಇದನ್ನು ಮುಚ್ಚಿಡದೆ ಹೇಳಿ.

ಇನ್ನು ತಿಳಿಸುವ ಕೆಲಸ. ಕಾನೂನಿನ ಕನಿಷ್ಠ ಹೀಗಿದೆ: ಹಿಯರಿಂಗ್ ಬಗ್ಗೆ ಪತ್ರಿಕೆಯಲ್ಲಿ ಎರಡು ವಾರ ಬಿಡದೆ ಪ್ರಕಟಣೆ, ಮೊದಲನೆಯದು ಹಿಯರಿಂಗ್‌ಗೆ 10 ದಿನಕ್ಕಿಂತ ಕಡಿಮೆ ಇಲ್ಲದಂತೆ, 25 ದಿನಕ್ಕಿಂತ ಹೆಚ್ಚಿಲ್ಲದಂತೆ. ಮಾಲೀಕರಿಗೂ ಪಕ್ಕದ ಜಾಗದವರಿಗೂ ಅಂಚೆಯಲ್ಲಿ ಪತ್ರ. ಜಾಗದಲ್ಲಿ ಬೋರ್ಡು. 50ಕ್ಕಿಂತ ಜಾಸ್ತಿ ಸೈಟು, ಕನಿಷ್ಠ 50 ಬೇರೆ ಬೇರೆ ಮಾಲೀಕರು ಇದ್ದರೆ ಪ್ರತಿಯೊಬ್ಬರಿಗೂ ಪತ್ರ ಹಾಕುವ ಬದಲು ಪತ್ರಿಕೆಯಲ್ಲಿ ಅರ್ಧ ಪುಟದ ಜಾಹೀರಾತು ಕೊಟ್ಟರೂ ಆಗುತ್ತದೆ. ನಿಮ್ಮ ಕೌಂಟಿಗೆ ಈ ಸೌಲಭ್ಯ ಸಿಗುತ್ತದೆ. ದಯವಿಟ್ಟು ಬಳಸಬೇಡಿ. ಅರ್ಧ ಪುಟದ ಜಾಹೀರಾತು ಓದಿ ತನ್ನ ಸೈಟು ಗುರುತಿಸುವ ಮನುಷ್ಯ ಎಲ್ಲಿದ್ದಾನೆ ಹೇಳಿ?

ಕಾನೂನಿನ ಪತ್ರಕ್ಕೂ ಎರಡು ತಿಂಗಳು ಮುಂಚೆ ಒಂದು ಸಾದಾ ಪತ್ರ ಹೋಗಲಿ. "ಜಲಾನಯನ ಓವರ್‌ಲೇ ಜಿಲ್ಲೆಯ ಗಡಿಯ ತಿದ್ದುಪಡಿ ಕುರಿತು" ಅಂತ ಶುರುವಾದರೆ ಕಸದ ಬುಟ್ಟಿಗೆ ಹೋಗುತ್ತದೆ. ಹೀಗಿರಲಿ: "ನಿಮ್ಮ ಸೈಟಿನ ಹಿಂಭಾಗದ ಮಳೆನೀರು ಕುಡಿಯುವ ನೀರಿನ ಕೆರೆಗೆ ಹೋಗುತ್ತದೆ ಅಂತ ಹೊಸ ಸರ್ವೆ ತೋರಿಸುತ್ತಿದೆ. ಈಗಿನ ನಕ್ಷೆಯಲ್ಲಿ ಹಾಗಿಲ್ಲ. ನಕ್ಷೆ ತಿದ್ದಿದರೆ ನಿಮ್ಮ ಈಗಿನ ಮನೆಗೆ ಏನೂ ಆಗುವುದಿಲ್ಲ. ಹೊಸದಾಗಿ ಕಟ್ಟುವುದಕ್ಕೆ ಈ ಮಿತಿಗಳು ಬರುತ್ತವೆ. ಇನ್ನೂ ಯಾವ ತೀರ್ಮಾನವೂ ಆಗಿಲ್ಲ. ಸರ್ವೆ ತಪ್ಪು ಅನ್ನಿಸಿದರೆ ಹೇಳಿ." ಕೆಳಗೆ ಅವರ ಸೈಟಿನ ಚಿತ್ರ, ಹಳೆ ಗೆರೆ ಒಂದು ಬಣ್ಣ, ಹೊಸ ಗೆರೆ ಇನ್ನೊಂದು. ಇಡೀ ಕೌಂಟಿಯ ನಕ್ಷೆ ಬೇಡ, ಅದರಲ್ಲಿ ಯಾರಿಗೂ ತಮ್ಮ ಮನೆ ಕಾಣುವುದಿಲ್ಲ. ಸ್ಪ್ಯಾನಿಷ್‌ನಲ್ಲೂ ಬರಲಿ. ಬಾಡಿಗೆಗೆ ಇರುವವರಿಗೆ ಮಾಲೀಕರ ಪತ್ರ ತಲುಪುವುದಿಲ್ಲ, ಅವರ ಬಾಗಿಲಿಗೂ ಒಂದು ಪ್ರತಿ ಹಾಕಿ.

"ಸರ್ವೆ ತಪ್ಪು ಅನ್ನಿಸಿದರೆ ಹೇಳಿ" ಅನ್ನುವುದು ಬರೀ ಮರ್ಯಾದೆಯ ಮಾತಲ್ಲ. ರಾಜ್ಯ ಕೊಟ್ಟಿರುವ ಮಾದರಿ ನಿಯಮಾವಳಿಯಲ್ಲೇ, ನೋಂದಾಯಿತ ಸರ್ವೇಯರ್ ಮಾಡಿದ ನಕ್ಷೆಯನ್ನು ಮಾಲೀಕರು ಸಾಕ್ಷಿಯಾಗಿ ಕೊಟ್ಟು ತಮ್ಮ ಜಾಗ ಜಲಾನಯನದಲ್ಲಿ ಇಲ್ಲ ಅಂತ ತೋರಿಸಬಹುದು ಅಂತಿದೆ. ನಿಮ್ಮ ಕೌಂಟಿಯ ಪುಸ್ತಕದಲ್ಲೂ ಆ ಸಾಲು ಇದೆಯಾ ನೋಡಿ. ಇದ್ದರೆ, ಬಿಲ್ಡರ್‌ಗೆ ಸಿಗುವ ಅದೇ ದಾರಿ ಮೂರು ಬೆಡ್‌ರೂಮ್ ಮನೆಯವರಿಗೂ ಸಿಗುತ್ತದೆ ಅಂತ ಎಲ್ಲರಿಗೂ ತಿಳಿಸಬೇಕು. ಸರ್ವೇಯರ್‌ಗೆ ದುಡ್ಡು ಕೊಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹಾಗಾಗಿ ಗೆರೆ ಹಾದುಹೋಗುವ ಸೈಟುಗಳಿಗಾದರೂ ಕೌಂಟಿ ತಾನೇ ಒಬ್ಬರನ್ನು ಕಳಿಸಿ ಪರೀಕ್ಷೆ ಮಾಡಿಸಲಿ.

ಸಭೆಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ವೇದಿಕೆ, ಮೈಕು, ಪವರ್‌ಪಾಯಿಂಟ್ ಇಟ್ಟ ಮಾಹಿತಿ ಸಭೆಯಿಂದ ಸಿಟ್ಟು ಜಾಸ್ತಿಯಾಗುತ್ತದೆ, ಮಾಹಿತಿ ಯಾರಿಗೂ ದಕ್ಕುವುದಿಲ್ಲ. ಮೈಕು ಸಿಕ್ಕವರು ಮಾತಾಡುತ್ತಾರೆ, ಪ್ರಶ್ನೆ ಇದ್ದವರು ಸುಮ್ನೆ ಎದ್ದು ಮನೆಗೆ ಹೋಗುತ್ತಾರೆ. ಲೈಬ್ರರಿಯಲ್ಲಿ ನಾಲ್ಕು ಮೇಜು, ಪ್ರತಿ ಮೇಜಿಗೆ ಒಂದು ಕಂಪ್ಯೂಟರ್, ಒಬ್ಬ ಸಿಬ್ಬಂದಿ. ವಿಳಾಸ ಹೇಳಿದರೆ ಸೈಟು ಪರದೆ ಮೇಲೆ ಬರಬೇಕು. ಒಂದು ಸಂಜೆ, ಒಂದು ಶನಿವಾರ. ಬಂದ ಪ್ರತಿ ಪ್ರಶ್ನೆಯನ್ನು ಬರೆದುಕೊಂಡು, ಹೆಸರು ತೆಗೆದು, ಉತ್ತರದ ಜೊತೆ ಕೌಂಟಿಯ ಜಾಲತಾಣದಲ್ಲಿ ಹಾಕಿ. ಜನ ತೋರಿಸಿದ ತಪ್ಪಿನಿಂದ ಗೆರೆ ಎಲ್ಲೆಲ್ಲಿ ಬದಲಾಯಿತು ಅನ್ನುವುದನ್ನೂ ಹಾಕಿ. ಅಂಥದ್ದು ನಾಲ್ಕು ಕಡೆ ಕಂಡರೆ ಸಾಕು, ಉಳಿದದ್ದನ್ನು ಜನ ನಂಬುತ್ತಾರೆ.

ಒಂದು ಮಾತು ಸಭೆಯಲ್ಲಿ ಬಂದೇ ಬರುತ್ತದೆ: "ನೀರು ಕುಡಿಯುವುದು ಕೆಳಗಿನ ಊರಿನವರು, ಕಟ್ಟುಪಾಡು ಮಾತ್ರ ನಮಗಾ?" ಇದನ್ನು ತಳ್ಳಿಹಾಕಬೇಡಿ, ಅದರಲ್ಲಿ ನ್ಯಾಯ ಇದೆ. ಇದೇ ರಾಜ್ಯದ ರಾಜಧಾನಿ ರಾಲಿ 2011ರಿಂದ ತನ್ನ ನೀರಿನ ಬಿಲ್‌ನಲ್ಲಿ ಒಂದು ಸಣ್ಣ ಮೊತ್ತ ಸೇರಿಸಿ, ಮೇಲ್ಗಡೆಯ ಜಲಾನಯನದಲ್ಲಿ ಜಮೀನು ಉಳಿಸಲು ಬಳಸುತ್ತಿದೆ. ಮಾರಲು ಒಪ್ಪಿದವರಿಂದ ಮಾತ್ರ ಕೊಳ್ಳುವುದು, ಇಲ್ಲವೇ ಕಟ್ಟುವ ಹಕ್ಕಿಗೆ ದುಡ್ಡು ಕೊಡುವುದು. ನಿಮ್ಮ ಕೆರೆಯ ನೀರು ಬಳಸುವ ಪಟ್ಟಣದ ಜೊತೆ ಇಂಥ ಮಾತುಕತೆ ಶುರುಮಾಡಲು ಇದು ಸಕಾಲ. ಹಿಯರಿಂಗ್‌ಗೆ ಆ ಪಟ್ಟಣದವರೂ ಬಂದು ಮಾತಾಡಲಿ. ಸಾಮಾನ್ಯವಾಗಿ ಅವರು ಬರುವುದೇ ಇಲ್ಲ.

ಹಿಯರಿಂಗ್ ಆದ ಮೇಲೂ ಜನರಿಗೆ ಅವಕಾಶ ಇದೆ. ಕಮಿಷನರ್‌ಗಳು ಮತ ಹಾಕುವುದಕ್ಕೆ ಕನಿಷ್ಠ ಎರಡು ಕೆಲಸದ ದಿನ ಮುಂಚೆ ಕ್ಲರ್ಕ್‌ಗೆ ಲಿಖಿತ ಹೇಳಿಕೆ ಕೊಟ್ಟರೆ ಅದು ಅವರ ಕೈ ಸೇರಬೇಕು. ಅಕ್ಕಪಕ್ಕದವರು ಸಹಿ ಹಾಕಿ ಮುಕ್ಕಾಲು ಬಹುಮತ ಬೇಕು ಅಂತ ಒತ್ತಾಯಿಸುವ ಹಳೆಯ ಅರ್ಜಿ ಪದ್ಧತಿ 2015ರಲ್ಲಿ ರದ್ದಾಯಿತು. ಹಳಬರು ಇನ್ನೂ ಅದನ್ನೇ ನೆನಪಿಟ್ಟುಕೊಂಡು ಸಹಿ ಸಂಗ್ರಹಿಸುತ್ತಾರೆ, ಮೊದಲೇ ಹೇಳಿಬಿಡಿ. ನಿಮ್ಮ ಬೋರ್ಡ್‌ನ ಪಾಲಿಗೆ ಇರುವುದು ಶಿಫಾರಸು. ಈ ಬದಲಾವಣೆ ಕೌಂಟಿಯ ಒಟ್ಟಾರೆ ಯೋಜನೆಗೆ ಹೊಂದುತ್ತದೋ ಇಲ್ಲವೋ ಅಂತ ಲಿಖಿತ ಹೇಳಿಕೆ ಕೊಡಬೇಕು. ಸಿಬ್ಬಂದಿ ಬರೆದ ಎರಡು ಸಾಲಿಗೆ ಸಹಿ ಹಾಕಬೇಡಿ. ಪೈಪಿನ ವಿಷಯ, ಅಂಚಿನ ಬೀದಿಗಳು, ಹೊರಹೋಗುವ ಜಾಗಗಳು ಎಲ್ಲ ಅದರಲ್ಲಿ ಬರಲಿ.

ಕೊನೆಗೆ ನಿಮ್ಮ ಮನೆ. ಫಲಿತಾಂಶದಿಂದ ನೇರವಾದ, ಗಣನೀಯವಾದ, ಸುಲಭವಾಗಿ ಗುರುತಿಸಬಹುದಾದ ಹಣಕಾಸಿನ ಪರಿಣಾಮ ತನ್ನ ಮೇಲೆ ಆಗುವಂತಿದ್ದರೆ ಬೋರ್ಡ್ ಸದಸ್ಯರು ಮತ ಹಾಕಬಾರದು ಅಂತ ರಾಜ್ಯದ ಕಾನೂನು ಹೇಳುತ್ತದೆ. ನಿಮ್ಮದು ಕಟ್ಟಿ ಮುಗಿದ ಮನೆ, ಜೊತೆಗೆ 200 ಮಂದಿಯಲ್ಲಿ ನೀವೂ ಒಬ್ಬರು. ಹಾಗಾಗಿ ನನ್ನ ಪ್ರಕಾರ ತೊಂದರೆ ಆಗಲಿಕ್ಕಿಲ್ಲ. ಸೈಟು ಭಾಗ ಮಾಡುವಷ್ಟು ದೊಡ್ಡದಾಗಿದ್ದರೆ ಲೆಕ್ಕ ಬೇರೆ. ಎರಡರಲ್ಲಿ ಯಾವುದೇ ಆಗಲಿ, ಈಗಲೇ ಕೌಂಟಿ ವಕೀಲರಿಗೆ ಒಂದು ಇಮೇಲ್ ಹಾಕಿ ಉತ್ತರ ಇಟ್ಟುಕೊಳ್ಳಿ. ಮೊದಲ ಲೈಬ್ರರಿ ಸಭೆಯಲ್ಲಿ "ನನ್ನ ಮನೆಯೂ ಈ ಗೆರೆಯೊಳಗೆ ಬರುತ್ತದೆ" ಅಂತ ನೀವೇ ಹೇಳಿ, ನಿಮ್ಮ ಸೈಟಿನ ಚಿತ್ರವನ್ನೇ ಉದಾಹರಣೆಗೆ ಪರದೆ ಮೇಲೆ ಹಾಕಿ ತೋರಿಸಿ.